ರಿಂಗ್ ಹಾಕಿ ಎರಡು ತಿಂಗಳಾಗ್ಲಿಲ್ಲ, ಪುನಃ ನೀಲಿ ಹೊಗೆ: ಪಂಪ್‌ಸೆಟ್ ಎಂಜಿನಿನ ಪಿಸ್ಟನ್ ಬಿಚ್ಚಿ ನೋಡಿದ ಕತೆ

ವಿಷಯ ಎಂತ ಅಂದ್ರೆ, ಪೆರ್ಲದ ಹತ್ತಿರ ನಮ್ಮ ಭಾವನ ತೋಟದಲ್ಲಿ ಒಂದು 5 ಎಚ್‌ಪಿ ಡೀಸೆಲ್ ಎಂಜಿನ್ ಉಂಟು, ಒಂದೇ ಸಿಲಿಂಡರ್, ನೀರಲ್ಲಿ ತಂಪಾಗುವ ಟೈಪು, ಬೋರ್ (ಸಿಲಿಂಡರಿನ ಒಳಗಿನ ಅಗಲ) 80 ಮಿಮೀ, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 110 ಮಿಮೀ, ಸ್ಪೀಡು ನಿಮಿಷಕ್ಕೆ 1500 ಸುತ್ತು. ಕರೆಂಟಿನ ಮೋಟರ್ ಬಂದ ಮೇಲೆ ಇದು ಶೆಡ್ಡಿನ ಮೂಲೆ ಸೇರಿತ್ತು, ಆದ್ರೆ ನಮ್ಮ ಕಾಸರಗೋಡು ಕಡೆ ಮಳೆ ವರ್ಷಕ್ಕೆ 3500 ಮಿಮೀ ಹತ್ತಿರ ಸುರಿದ್ರೂ ಮಾರ್ಚಿಗೆ ತೋಡು ಒಣಗಿರ್ತದೆ, ಕೆರೆ ತಳ ಕಾಣ್ತದೆ, ಆಗ ಎಲ್ಲರೂ ಒಟ್ಟಿಗೇ ಮೋಟರ್ ಹಾಕಿ ವೋಲ್ಟೇಜ್ ಬಿದ್ರೆ ಅಡಿಕೆ ಮರಕ್ಕೆ ನೀರು ಬಿಡ್ಲಿಕ್ಕೆ ಈ ಅಜ್ಜನೇ ಬೇಕು.

ಕಳೆದ ಜನವರಿಯಲ್ಲಿ ಅದು ಹೊಗೆ ಬಿಡ್ತದೆ ಅಂತ ಒಬ್ಬ ಮೇಸ್ತ್ರಿಯನ್ನು ಕರೆಸಿ ಪಿಸ್ಟನ್ನಿನ ಸುತ್ತ ಕೂತು ಗಾಳಿ, ಎಣ್ಣೆ ದಾಟದ ಹಾಗೆ ತಡೆಯುವ ರಿಂಗ್ ಸೆಟ್ ಹೊಸತು ಹಾಕಿಸಿದ್ರು. ಮಾರ್ಚ್ ಮೊದಲ ವಾರಕ್ಕೆ ಪುನಃ ಅದೇ ನೀಲಿ ಹೊಗೆ, ಬೆಳಿಗ್ಗೆ ಹ್ಯಾಂಡಲ್ ಹಾಕಿ ಹಾಕಿ ಕೈ ಸೋಲ್ಬೇಕು, ಎರಡು ದಿನಕ್ಕೊಮ್ಮೆ ಅರ್ಧ ಲೀಟರ್ ಎಣ್ಣೆ ಹೊಯ್ಯಬೇಕು. ಭಾವ ಫೋನ್ ಮಾಡಿ "ನೀನು ಒಮ್ಮೆ ಬಾ ಮಾರಾಯ, ಇನ್ನು ಯಾರನ್ನು ಕರೆದ್ರೂ ಪಿಸ್ಟನ್ ಸೆಟ್ ಬದಲಾಯಿಸ್ಬೇಕು ಅಂತಾರೆ" ಅಂದ್ರು. ನಾನು ಹೋಗಿ ನೋಡಿ ಕೊನೆಗೆ ಪಿಸ್ಟನ್ ಬದಲಾಯಿಸಿದ್ದೇ, ಅದ್ರಲ್ಲಿ ಮೇಸ್ತ್ರಿಗಳು ಹೇಳಿದ್ದು ಸುಳ್ಳಲ್ಲ. ಆದ್ರೆ ಪಿಸ್ಟನ್ ಯಾಕೆ ಹಾಳಾಯ್ತು ಅಂತ ನೋಡದೆ ಹೊಸತು ಹಾಕಿದ್ರೆ ಇನ್ನೆರಡು ತಿಂಗಳಿಗೆ ಅದೂ ಹೋಗ್ತಿತ್ತು. ಅದಕ್ಕೇ ಇಷ್ಟುದ್ದ ಬರೀತಾ ಇರುವುದು.

ಮೊದ್ಲು ಬಿಚ್ಚದೆ ನೋಡುವುದು

ಹೊಗೆಯ ಬಣ್ಣ ಎಲ್ಲರಿಗೂ ಗೊತ್ತಿರ್ತದೆ, ಬೇಗ ಹೇಳಿ ಮುಗಿಸ್ತೇನೆ. ಕಪ್ಪು ಹೊಗೆ ಅಂದ್ರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ, ಇಲ್ಲಾ ಲೋಡ್ ಜಾಸ್ತಿ. ಬಿಳಿ ಹೊಗೆ ಅಂದ್ರೆ ಡೀಸೆಲ್ ಸರಿ ಉರೀತಾ ಇಲ್ಲ, ಅಥವಾ ನೀರು ಒಳಗೆ ಹೋಗ್ತಾ ಉಂಟು. ನೀಲಿ ಅಂದ್ರೆ ಎಂಜಿನ್ ಎಣ್ಣೆ ಉರೀತಾ ಉಂಟು. ಆದ್ರೆ ನೀಲಿ ಕಂಡ ಕೂಡ್ಲೇ ರಿಂಗ್ ಹೋಯ್ತು ಅಂತ ತೀರ್ಮಾನ ಮಾಡ್ಬೇಡಿ, ವಾಲ್ವ್ ಗೈಡ್ (ವಾಲ್ವಿನ ಕಡ್ಡಿ ಓಡುವ ಕೊಳವೆ) ಸವೆದ್ರೂ ನೀಲಿಯೇ ಬರ್ತದೆ, ಎಣ್ಣೆ ಗೀಟಿಗಿಂತ ಮೇಲೆ ತುಂಬಿಸಿದ್ರೂ ಬರ್ತದೆ. ನಮ್ಮವರಿಗೆ ಎಣ್ಣೆ ಒಂಚೂರು ಜಾಸ್ತಿ ಹೊಯ್ದ್ರೆ ಎಂಜಿನ್‌ಗೆ ಶಕ್ತಿ ಬರ್ತದೆ ಅಂತ ಒಂದು ನಂಬಿಕೆ ಉಂಟಲ್ಲ.

ಬ್ರೀದರ್ ನೋಡಿ. ಕ್ರ್ಯಾಂಕ್‌ಕೇಸಿನಿಂದ, ಅಂದ್ರೆ ಎಂಜಿನಿನ ಕೆಳಗಿನ ಪೆಟ್ಟಿಗೆಯಿಂದ, ಗಾಳಿ ಹೊರಗೆ ಹೋಗುವ ಜಾಗ ಅದು. ಒಂದೇ ಸಿಲಿಂಡರಿನ ಎಂಜಿನ್‌ನಲ್ಲಿ ಪಿಸ್ಟನ್ ಕೆಳಗೆ ಬರುವಾಗೆಲ್ಲ ಅಲ್ಲಿ ಸ್ವಲ್ಪ ಫುಸ್ ಫುಸ್ ಅನ್ನುವುದು ಮಾಮೂಲಿ, ಹೆದರುವ ವಿಷಯ ಅಲ್ಲ. ಆದ್ರೆ ಹೊಗೆಯೇ ಬರ್ತಾ ಉಂಟು, ಎಣ್ಣೆ ಉಗೀತಾ ಉಂಟು, ಹತ್ತಿರದ ಗೋಡೆ ಎಲ್ಲ ಜಿಡ್ಡು ಅಂತಾದ್ರೆ ರಿಂಗ್ ದಾಟಿ ಬೆಂಕಿಯ ಗಾಳಿ ಕೆಳಗೆ ಇಳೀತಾ ಉಂಟು ಅಂತ ಅರ್ಥ. ಭಾವನ ಶೆಡ್ಡಿನ ಗೋಡೆಯಲ್ಲಿ ಬ್ರೀದರ್ ಎದುರು ಒಂದು ಕಪ್ಪು ಸೂರ್ಯನೇ ಮೂಡಿತ್ತು.

ಇನ್ನು ಹ್ಯಾಂಡಲ್ ಪರೀಕ್ಷೆ. ಡೀಸೆಲ್ ಬಂದ್ ಮಾಡಿ, ಡಿಕಂಪ್ರೆಷನ್ ಲಿವರ್ ಕೆಳಗೆ ಹಾಕಿ, ಅಂದ್ರೆ ಕಂಪ್ರೆಷನ್ ಇರುವ ಹಾಗೆಯೇ ಬಿಟ್ಟು, ಫ್ಲೈವೀಲನ್ನು ಕೈಯಲ್ಲಿ ಮೆಲ್ಲ ತಿರುಗಿಸಿ. ಒಳ್ಳೇ ಎಂಜಿನ್ ಆದ್ರೆ ಕಂಪ್ರೆಷನ್ ಬರುವಾಗ ಸ್ಪ್ರಿಂಗ್ ಒತ್ತಿದ ಹಾಗೆ ವಾಪಸ್ ದೂಡ್ತದೆ, ಸ್ವಲ್ಪ ಹೊತ್ತು ಹಿಡಿದು ನಿಂತ್ರೂ ಆ ಒತ್ತಡ ನಿಲ್ತದೆ. ಭಾವನದ್ದು "ಸೂಂ..." ಅಂತ ಹೇಳಿ ಎರಡೇ ಸೆಕೆಂಡಲ್ಲಿ ಮೆತ್ತಗೆ ದಾಟಿ ಹೋಯ್ತು. ಆ ಸೂಂ ಎಲ್ಲಿಂದ ಕೇಳ್ತದೆ ಅನ್ನುವುದೇ ಮುಖ್ಯ. ಸೈಲೆನ್ಸರಿನ ಬಾಯಲ್ಲಿ ಕೇಳಿದ್ರೆ ಎಕ್ಸಾಸ್ಟ್ ವಾಲ್ವ್, ಏರ್ ಕ್ಲೀನರ್ ಕಡೆ ಕೇಳಿದ್ರೆ ಇನ್‌ಲೆಟ್ ವಾಲ್ವ್, ನೀರು ಹೋಗುವ ಪೈಪಲ್ಲಿ ಗುಳ್ಳೆ ಎದ್ರೆ ಹೆಡ್ ಗ್ಯಾಸ್ಕೆಟ್, ಎಣ್ಣೆ ಹೊಯ್ಯುವ ಬಾಯಿಗೆ ಕಿವಿ ಕೊಟ್ಟಾಗ ಕೇಳಿದ್ರೆ ರಿಂಗ್ ಅಥವಾ ಬೋರ್. ಒಬ್ಬರು ಫ್ಲೈವೀಲ್ ಹಿಡೀಬೇಕು, ಇನ್ನೊಬ್ಬರು ಕಿವಿ ಕೊಡ್ಬೇಕು, ತೋಟದಲ್ಲಿ ಕಾಗೆ ಕೂಗದ ಹೊತ್ತಲ್ಲಿ ಮಾಡಿದ್ರೆ ಒಳ್ಳೇದು. ಇದಕ್ಕೆ ಮೊದ್ಲು ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ಮಧ್ಯದ ಸಂದು) ಒಮ್ಮೆ ನೋಡ್ಕೊಳ್ಳಿ, ಗ್ಯಾಪೇ ಇಲ್ಲದೆ ವಾಲ್ವ್ ಪೂರ್ತಿ ಕೂರದಿದ್ರೆ ಕಂಪ್ರೆಷನ್ ಇಲ್ಲ ಅಂತ ಸುಮ್ನೆ ಹೆಡ್ ಬಿಚ್ಚಿದವರು ಉಂಟು, ನಾನೂ ಒಮ್ಮೆ ಬಿಚ್ಚಿದ್ದೇನೆ.

ನಮ್ಮಲ್ಲಿ ಎಣ್ಣೆಯ ಬಾಯಲ್ಲೇ ಕೇಳಿದ್ದು. ಖಾತ್ರಿ ಮಾಡ್ಲಿಕ್ಕೆ ಎಣ್ಣೆ ಪರೀಕ್ಷೆ: ಡೀಸೆಲ್ ಒಳಗೆ ಚಿಮ್ಮಿಸುವ ನೋಝಲ್ ಬಿಚ್ಚಿ ಆ ತೂತಲ್ಲಿ ಒಂದು ದೊಡ್ಡ ಚಮಚ, 10-15 ಮಿಲಿ, ಎಂಜಿನ್ ಎಣ್ಣೆ ಬಿಟ್ಟು ನೋಝಲ್ ಹಾಕದೆಯೇ ಫ್ಲೈವೀಲನ್ನು ಎರಡು ಮೂರು ಸುತ್ತು ತಿರುಗಿಸಿ, ಜಾಸ್ತಿಯಾದ ಎಣ್ಣೆ ಹೊರಗೆ ಎಗರ್ತದೆ, ಮುಖ ದೂರ ಇಡಿ. ಆಮೇಲೆ ನೋಝಲ್ ಬಿಗಿ ಮಾಡಿ ಪುನಃ ಫ್ಲೈವೀಲ್ ಒತ್ತಿ ನೋಡಿ. ಈಗ ಒತ್ತಡ ಚೆನ್ನಾಗಿ ನಿಂತ್ರೆ ಎಣ್ಣೆ ಹೋಗಿ ರಿಂಗಿನ ಸಂದು ಮುಚ್ಚಿದೆ ಅಂತ, ದೋಷ ರಿಂಗ್ ಅಥವಾ ಬೋರಿನದ್ದು. ಏನೂ ವ್ಯತ್ಯಾಸ ಆಗದಿದ್ರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ ಹೋಗಿ, ಪಿಸ್ಟನ್ ಮುಟ್ಟಬೇಡಿ. ಒಂದು ಜಾಗ್ರತೆ, ಚಮಚದ ಬದಲು ಲೋಟದಲ್ಲಿ ಹೊಯ್ಯಬೇಡಿ ಮಾರಾಯ್ರೆ. ಎಣ್ಣೆಯನ್ನು ಒತ್ತಿ ಚಿಕ್ಕದು ಮಾಡ್ಲಿಕ್ಕೆ ಆಗುದಿಲ್ಲ, ಪಿಸ್ಟನ್ ಮೇಲೆ ಬರುವಾಗ ಜಾಗ ಇಲ್ಲದೆ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ರಾಡ್) ಬೆಂಡ್ ಆಗ್ತದೆ. ಮತ್ತೆ ಡೀಸೆಲ್ ಎಂಜಿನ್ ಎಣ್ಣೆಯ ಮೇಲೂ ಓಡ್ತದೆ, ಲಿವರ್ ಬಂದ್ ಮಾಡಿದ್ರೂ ನಿಲ್ಲದೆ ಸ್ಪೀಡ್ ಏರಿಸ್ಕೊಂಡು ಹೋದ್ರೆ ಗಾಳಿ ಎಳೆಯುವ ಬಾಯಿಗೆ ಹಲಗೆ ಒತ್ತಿಯೇ ನಿಲ್ಲಿಸ್ಬೇಕು, ಕೈ ಇಡ್ಬಾರ್ದು.

ಎಣ್ಣೆ ಹಾಕಿದ ಮೇಲೆ ನಮ್ಮ ಫ್ಲೈವೀಲ್ ಒಳ್ಳೇ ಹೋರಿ ಹಾಗೆ ವಾಪಸ್ ದೂಡಿತು. ಸರಿ, ಬಿಚ್ಚುವುದೇ.

ಬಿಚ್ಚುವಾಗ

ಡೀಸೆಲ್ ಟ್ಯಾಪ್ ಬಂದ್ ಮಾಡಿ, ನೀರು ಇಳಿಸಿ, ಎಣ್ಣೆ ಇಳಿಸಿ. ಎಣ್ಣೆಯನ್ನು ಹಾಗೇ ಚೆಲ್ಲಬೇಡಿ, ಒಂದು ಬಿಳಿ ಡಬ್ಬಿಗೆ ಹಿಡಿದು ಬಿಸಿಲಲ್ಲಿ ಓರೆ ಮಾಡಿ ನೋಡಿ, ಮಿನುಗುವ ಹುಡಿ ಉಂಟಾ ಅಂತ. ತಾಮ್ರದ ಬಣ್ಣದ್ದಿದ್ರೆ ಬುಷ್ ಅಥವಾ ಬೇರಿಂಗ್, ಬೆಳ್ಳಿ ಹಾಗಿದ್ರೆ ಅಲ್ಯುಮಿನಿಯಂ. ನಮ್ಮ ಎಣ್ಣೆಯಲ್ಲಿ ಮಿನುಗುವುದು ಅಷ್ಟು ಇರ್ಲಿಲ್ಲ, ಆದ್ರೆ ಬೆರಳ ಮಧ್ಯೆ ತಿಕ್ಕಿದಾಗ ಸಣ್ಣ ಮರಳಿನ ಹಾಗೆ ಕರಕರ. ಆಗ್ಲೇ ನನಗೆ ಒಂದು ಸಂಶಯ ಹೊಡೆದಿತ್ತು, ಆದ್ರೂ ಏನೂ ಹೇಳ್ಲಿಲ್ಲ.

ಸಾಮಾನು ಇಡ್ಲಿಕ್ಕೆ ನಾಲ್ಕು ಅಡಿಕೆ ಹಾಳೆ ಸಾಲಾಗಿ ಹಾಕಿದೆ. ಒಂದರಲ್ಲಿ ಹೆಡ್ಡಿನದ್ದು, ಒಂದರಲ್ಲಿ ವಾಲ್ವಿನದ್ದು, ಒಂದರಲ್ಲಿ ಪಿಸ್ಟನ್ನಿನದ್ದು, ಕೊನೆಯದ್ರಲ್ಲಿ "ಎಲ್ಲಿಯದ್ದು ಅಂತ ಗೊತ್ತಿಲ್ಲ". ಕೊನೆಯ ಹಾಳೆ ಖಾಲಿ ಇದ್ರೆ ನೀವು ಒಳ್ಳೇ ಕೆಲಸಗಾರ. ವಾಲ್ವ್ ತೆರೆಸುವ ಪುಶ್ ರಾಡ್ ಎರಡಕ್ಕೂ ಯಾವುದು ಯಾವ ಕಡೆ ಅಂತ ದಾರ ಕಟ್ಟಿ ಗುರ್ತು ಮಾಡಿ. ಹೆಡ್ ನಟ್‌ಗಳನ್ನು ಒಂದೇ ಸಲ ಒಂದನ್ನು ಪೂರ್ತಿ ಬಿಚ್ಚಿಬಿಡ್ಬಾರ್ದು, ಎದುರು ಬದುರಾಗಿ ಸ್ವಲ್ಪ ಸ್ವಲ್ಪ ಸಡಿಲ ಮಾಡ್ತಾ ಬನ್ನಿ, ಇಲ್ಲಾಂದ್ರೆ ಹೆಡ್ ಸೊಟ್ಟ ಆಗ್ತದೆ.

ಹೆಡ್ ಎತ್ತಿದ ಮೇಲೆ ಮುಖ್ಯ ಜಾಗ ಬರ್ತದೆ. ಬೋರಿನ ಮೇಲಿನ ಅಂಚಿನಿಂದ ಸ್ವಲ್ಪ ಕೆಳಗೆ, ಉಗುರು ಹಾಕಿ ಕೆಳಗಿಂದ ಮೇಲೆ ಎಳೀರಿ. ಸವೆದ ಬೋರಿನಲ್ಲಿ ಮೇಲಿನ ರಿಂಗ್ ನಿಲ್ಲುವ ಜಾಗದಲ್ಲಿ ಉಗುರು ಟಕ್ ಅಂತ ಒಂದು ಮೆಟ್ಟಿಲಿಗೆ ಸಿಕ್ಕಿಬೀಳ್ತದೆ. ರಿಂಗ್ ಎಷ್ಟು ಮೇಲೆ ಹೋಗ್ತದೋ ಅಲ್ಲಿಯ ತನಕ ಬೋರ್ ಸವೆದಿದೆ, ಅದಕ್ಕಿಂತ ಮೇಲೆ ಸವೆದಿಲ್ಲ, ಅದೇ ಆ ಮೆಟ್ಟಿಲು. ಅದ್ರ ಮೇಲೆ ಮಸಿಯೂ ಗಟ್ಟಿ ಆಗಿರ್ತದೆ. ಇದನ್ನು ತೆಗೀದೆ ಪಿಸ್ಟನ್ ಮೇಲೆ ದೂಡಿದ್ರೆ ರಿಂಗ್ ಅಲ್ಲಿ ಸಿಕ್ಕಿ ಪಿಸ್ಟನ್ನಿನ ರಿಂಗ್ ಕೂರುವ ಅಂಚೇ ಒಡೀತದೆ. ಇನ್ನೊಂದು ಅದಕ್ಕಿಂತಲೂ ಕೆಟ್ಟದ್ದು: ಮೆಟ್ಟಿಲು ಹಾಗೇ ಇಟ್ಟು ಹೊಸ ರಿಂಗ್ ಹಾಕಿದ್ರೆ, ಹಳೇ ರಿಂಗಿನ ಅಂಚು ಸವೆದು ಉರುಟಾಗಿತ್ತು, ಹೊಸದರ ಅಂಚು ಚೂಪು, ಅದು ಪ್ರತಿ ಸಲ ಮೇಲೆ ಹೋಗುವಾಗ್ಲೂ ಆ ಮೆಟ್ಟಿಲಿಗೆ ಹೊಡೀತದೆ. 1500 ಸ್ಪೀಡಲ್ಲಿ ಸೆಕೆಂಡಿಗೆ 25 ಸಲ. ಭಾವನ ಎಂಜಿನಿನ ಮೇಲಿನ ರಿಂಗ್ ಹೊರಗೆ ಬಂದದ್ದು ಮೂರು ತುಂಡಾಗಿ.

"ಹೊಸ ರಿಂಗಲ್ವಾ ಇದು?" ಅಂದ್ರು ಭಾವ. ಹೊಸತೇ.

ಪಿಸ್ಟನ್ ತೆಗೀಲಿಕ್ಕೆ ಕ್ರ್ಯಾಂಕ್‌ಕೇಸಿನ ಬದಿಯ ಬಾಗಿಲು ತೆಗೆದು ಕನೆಕ್ಟಿಂಗ್ ರಾಡಿನ ಕೆಳಗಿನ ಕ್ಯಾಪ್ ಬಿಚ್ಬೇಕು. ಬಿಚ್ಚುವ ಮೊದ್ಲು ರಾಡಿನಲ್ಲೂ ಕ್ಯಾಪಿನಲ್ಲೂ ಒಂದೇ ನಂಬರ್ ಹೊಡೆದಿದ್ದಾ, ಅದು ಯಾವ ಬದಿಗೆ ಉಂಟು ನೋಡಿಡಿ, ಇಲ್ಲದಿದ್ರೆ ನೀವೇ ಪಂಚಿನಲ್ಲಿ ಒಂದೊಂದು ಚುಕ್ಕಿ ಹಾಕಿ. ಈಗೆಲ್ಲ ಮೊಬೈಲಲ್ಲಿ ಫೋಟೋ ತೆಗೆದ್ರೆ ಮುಗೀತು, ಆದ್ರೂ ಎಣ್ಣೆ ಕೈಯಲ್ಲಿ ಮೊಬೈಲ್ ಹಿಡಿಯುವುದಕ್ಕಿಂತ ಚುಕ್ಕಿ ಹಾಕುವುದು ಸುಲಭ. ಕ್ಯಾಪ್ ತೆಗೆದ ಮೇಲೆ ರಾಡಿನ ಬೋಲ್ಟಿಗೆ ಹಳೇ ಪೆಟ್ರೋಲ್ ಪೈಪಿನ ತುಂಡು ಚುಚ್ಚಿ ಬಿಡಿ, ಬೋಲ್ಟ್ ತಾಗಿ ಕ್ರ್ಯಾಂಕಿನ ಪಾಲಿಶ್ ಗೀರಿದ್ರೆ ಆಮೇಲೆ ಬೇರಿಂಗ್ ಎಷ್ಟು ಹಾಕಿದ್ರೂ ಉಳೀದಿಲ್ಲ. ಮರದ ಕೋಲಲ್ಲಿ ಕೆಳಗಿಂದ ದೂಡಿದ್ರೆ ಪಿಸ್ಟನ್ ಮೇಲೆ ಬರ್ತದೆ, ಒಬ್ಬರು ಮೇಲೆ ಹಿಡ್ಕೊಳ್ಳಿ.

ಹಳೇ ಪಿಸ್ಟನ್ ತೊಳೆದು ಬಿಸಿಲಿಗೆ ಹಿಡಿಯಿರಿ

ಹೆಚ್ಚಿನವರು ಇಲ್ಲಿ ತಪ್ಪು ಮಾಡುದು. ಹಳೇ ಪಿಸ್ಟನ್ ಅಂಗಡಿಗೆ ತಕ್ಕೊಂಡು ಹೋಗಿ ಇದರದ್ದೇ ಕೊಡಿ ಅಂತ ಹೇಳಿ, ಅದನ್ನು ಅಲ್ಲೇ ಗುಜರಿಗೆ ಬಿಟ್ಟು ಬರ್ತಾರೆ. ಅದ್ರ ಮೈ ಮೇಲೆ ರೋಗದ ಹೆಸ್ರು ಬರೆದಿರ್ತದೆ.

ಎರಡು ಎದುರು ಬದಿಗಳಲ್ಲಿ, ಗಜನ್ ಪಿನ್ (ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್) ಇರುವ ಬದಿ ಅಲ್ಲ, ಅದಕ್ಕೆ ಅಡ್ಡದ ಬದಿಗಳಲ್ಲಿ, ಲೋಹ ಬಳಿದ ಹಾಗೆ ದಪ್ಪ ಗೀರು ಇದ್ರೆ ಎಂಜಿನ್ ಕಾದು ಹಿಡಿದದ್ದು, ನೀರು ಸರಿ ಹೋಗದೆ ಇರ್ಬಹುದು ಅಥವಾ ಬೋರ್ ಮಾಡುವಾಗ (ಲೇತಿನಲ್ಲಿ ಸಿಲಿಂಡರಿನ ಒಳಮೈ ಕೊರೆದು ಅಗಲ ಮಾಡುವಾಗ) ಸಡಿಲ ಕಮ್ಮಿ ಇಟ್ಟದ್ದು. ಒಂದು ಬದಿಯಲ್ಲಿ ಮೇಲೆ, ಎದುರು ಬದಿಯಲ್ಲಿ ಕೆಳಗೆ, ಹೀಗೆ ಓರೆಯಾಗಿ ಸವೆದಿದ್ರೆ ಕನೆಕ್ಟಿಂಗ್ ರಾಡ್ ಬೆಂಡ್. ತಲೆಯಲ್ಲಿ ಹುಳ ತಿಂದ ಹಾಗೆ ತೂತು ತೂತು ಅಥವಾ ಕರಗಿದ ಹಾಗಿದ್ರೆ ನೋಝಲ್ ಸ್ಪ್ರೇ ಮಾಡದೆ ಮೂತ್ರ ಹೊಯ್ತಾ ಉಂಟು. ರಿಂಗು ತಾನು ಕೂರುವ ಚಡಿಯಲ್ಲಿ ಮಸಿ ಹಿಡಿದು ಅಲುಗಾಡದೆ ಕೂತಿದ್ರೆ ಎಣ್ಣೆ ಹಳತು, ನೋಝಲ್ ಕೆಟ್ಟದ್ದು, ಅಥವಾ ಲೋಡಿಲ್ಲದೆ ಗಂಟೆಗಟ್ಟಲೆ ಓಡಿಸಿದ್ದು.

ನಮ್ಮದು ಇದ್ಯಾವುದೂ ಅಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ಶೆಡ್ಡಿನ ಹೊರಗೆ ತಂದು ಬಿಸಿಲಲ್ಲಿ ತಿರುಗಿಸಿ ನೋಡಿದ್ರೆ ಮೈಯೆಲ್ಲ ಸುತ್ತಲೂ ಸಣ್ಣ ಸಣ್ಣ ನೆಟ್ಟ ಗೀರು, ಹೊಳಪೇ ಇಲ್ಲ, ಬೂದಿ ಬಣ್ಣ. ರಿಂಗಿನ ಮುಖದಲ್ಲೂ ಅದೇ ಗೀರು. ಇದು ಧೂಳಿನ ಕೆಲಸ. ಎಣ್ಣೆಯಲ್ಲಿ ಕರಕರ ಅಂದದ್ದೂ ಅದೇ.

ಧೂಳು ಎಲ್ಲಿಂದ ಅಂತ ಕೇಳುವುದೇ ಬೇಡ, ತೋಟದಿಂದ ಮೇಲೆ ಮುರಕಲ್ಲಿನ (ಕೆಂಪು ಕಲ್ಲಿನ) ಕೋರೆ, ಮಾರ್ಚ್ ತಿಂಗಳಲ್ಲಿ ಕಲ್ಲಿನ ಲಾರಿ ಹೋದ್ರೆ ಅಡಿಕೆ ಮರದ ಗರಿ ತನಕ ಕೆಂಪು. ಆದ್ರೆ ಅದು ಎಂಜಿನ್ ಒಳಗೆ ಹೇಗೆ ಹೋಯ್ತು ಅನ್ನುವುದು ಪ್ರಶ್ನೆ. ಏರ್ ಕ್ಲೀನರ್ ಎಣ್ಣೆ ತೊಟ್ಟಿಯದ್ದು, ಗಾಳಿ ಕೆಳಗೆ ಎಣ್ಣೆಗೆ ಬಡಿದು ಧೂಳು ಅಲ್ಲಿ ಬಿಟ್ಟು ಮೇಲಿನ ಜಾಲಿ ದಾಟಿ ಹೋಗ್ತದೆ. ತೊಟ್ಟಿ ಬಿಚ್ಚಿದ್ರೆ ಎಣ್ಣೆ ಗೀಟಿಗೆ ಸರಿಯಾಗಿ ಉಂಟು, ಭಾವ ಅದ್ರಲ್ಲಿ ಶಿಸ್ತು. ಮತ್ತೆ? ಕ್ಲೀನರಿನಿಂದ ಹೆಡ್ಡಿಗೆ ಹೋಗುವ ರಬ್ಬರ್ ಹೋಸ್ ತೆಗೆದು ಒಳಗೆ ಬೆರಳು ಹಾಕಿ ಸವರಿದೆ, ಬೆರಳು ಕುಂಕುಮದ ಭರಣಿಗೆ ಹಾಕಿ ತೆಗೆದ ಹಾಗೆ. ಹೋಸನ್ನು ಬಗ್ಗಿಸಿ ನೋಡಿದ್ರೆ ಕ್ಲಿಪ್ಪಿನ ಅಡಿಯಲ್ಲಿ, ಕೆಳಬದಿಯಲ್ಲಿ, ಒಂದು ಇಂಚು ಉದ್ದದ ಬಿರುಕು. ನೇರ ಇದ್ದಾಗ ಮುಚ್ಚಿಕೊಂಡಿರ್ತದೆ, ಎಂಜಿನ್ ನಡುಗುವಾಗ ಬಾಯಿ ಬಿಡ್ತದೆ. ಕ್ಲೀನರ್ ದಾಟಿ ಆದ ಮೇಲಿನ ಬಿರುಕು, ಅಲ್ಲಿ ಹೋದದ್ದು ನೇರ ಬೋರಿಗೆ.

ಲೆಕ್ಕ ಹಾಕಿ ನೋಡಿ. ಈ ಎಂಜಿನ್ 553 ಸಿಸಿ, ಎರಡು ಸುತ್ತಿಗೆ ಒಮ್ಮೆ ಉಸಿರೆಳೀತದೆ, 1500 ಸ್ಪೀಡಲ್ಲಿ ನಿಮಿಷಕ್ಕೆ 750 ಸಲ, ಅಂದ್ರೆ ನಿಮಿಷಕ್ಕೆ ಹತ್ತಿರ ಹತ್ತಿರ 400 ಲೀಟರ್ ಗಾಳಿ, ದಿನಕ್ಕೆ ಐದು ಗಂಟೆ ಓಡಿಸಿದ್ರೆ ಲಕ್ಷ ಲೀಟರ್ ದಾಟ್ತದೆ. ಅಷ್ಟು ಗಾಳಿಯಲ್ಲಿ ಚಿಟಿಕೆ ಧೂಳು ಅಂತ ಹಿಡಿದ್ರೂ ಎಷ್ಟಾಯ್ತು. ಮುರಕಲ್ಲಿನ ಹುಡಿಯಲ್ಲಿ ಕಬ್ಬಿಣದ ಅಂಶ, ಗಟ್ಟಿ ಕಣ ಎಲ್ಲ ಇರ್ತದೆ, ಎಣ್ಣೆ ಜೊತೆ ಸೇರಿದ್ರೆ ವಾಲ್ವ್ ಉಜ್ಜುವ ಪೇಸ್ಟಿನ ಹಾಗೇ. ಮಲಯಾಳಂನವರು ಪಣಿ ಕಿಟ್ಟಿ, ಅಂದ್ರೆ ಪಜೀತಿ ಆಯ್ತು ಅಂತಾರಲ್ಲ, ಇದೇ.

ಹೋಸಿನ ಬೆಲೆ ಒಂದು ಪ್ಲೇಟ್ ಬಿರಿಯಾನಿಗಿಂತ ಕಮ್ಮಿ.

ಅಳತೆ

ರಿಂಗ್ ಮಾತ್ರ ಸಾಕಾ, ಪಿಸ್ಟನ್ ಸಮೇತ ಬೇಕಾ, ಬೋರ್ ಮಾಡಿಸ್ಬೇಕಾ ಅನ್ನುವುದನ್ನು ಕಣ್ಣಂದಾಜಲ್ಲಿ ಹೇಳ್ಲಿಕ್ಕಾಗುದಿಲ್ಲ. ಬೋರ್ ಗೇಜ್ ಎಲ್ಲರ ಹತ್ರ ಇರುದಿಲ್ಲ, ಫೀಲರ್ ಗೇಜ್ ಒಂದಿದ್ರೆ ಸಾಕು, ಒಂದು ಉಪಾಯ ಹೇಳ್ತೇನೆ. ಒಂದು ಹೊಸ ರಿಂಗನ್ನು ಬೋರಿನೊಳಗೆ ಹಾಕಿ, ಪಿಸ್ಟನ್ನಿನ ತಲೆಯಿಂದ ದೂಡಿ ಸಮತಟ್ಟು ಕೂರಿಸಿ, ಮೊದ್ಲು ಬೋರಿನ ತೀರಾ ಕೆಳಗೆ, ರಿಂಗ್ ಎಂದೂ ಓಡದ ಜಾಗದಲ್ಲಿ, ರಿಂಗಿನ ಎರಡು ತುದಿಯ ಮಧ್ಯದ ಗ್ಯಾಪ್ ಅಳೀರಿ. ಆಮೇಲೆ ಮೇಲೆ ಮೆಟ್ಟಿಲಿನ ಸ್ವಲ್ಪ ಕೆಳಗೆ ತಂದು ಅಳೀರಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದ್ರೆ ಬೋರ್ ಅಷ್ಟು ಅಗಲ ಆಗಿದೆ ಅಂತ. ನಮ್ಮದು ಕೆಳಗೆ 0.45, ಮೇಲೆ 1.35. ವ್ಯತ್ಯಾಸ 0.90, ಭಾಗಿಸಿದ್ರೆ 0.29 ಮಿಮೀ ಹತ್ತಿರ. ಆಮೇಲೆ ಲೇತಿನಲ್ಲಿ ಗೇಜ್ ಹಾಕಿದಾಗ 0.30 ಬಂತು, ನನಗೆ ಒಳಗೊಳಗೇ ಖುಷಿ.

ಇದ್ರಿಂದ ಬೋರ್ ಅಂಡಾಕಾರ ಆಗಿದ್ಯಾ ಅಂತ ಗೊತ್ತಾಗುದಿಲ್ಲ ಅನ್ನುವುದು ನೆನಪಿರ್ಲಿ, ಅದಕ್ಕೆ ಗೇಜೇ ಬೇಕು, ಮೇಲೆ, ಮಧ್ಯ, ಕೆಳಗೆ ಮೂರು ಕಡೆ, ಪ್ರತಿ ಕಡೆ ಎರಡು ದಿಕ್ಕಲ್ಲಿ. ಹೊಸ ರಿಂಗಿಗೆ ಗ್ಯಾಪು ಬೋರಿನ 100 ಮಿಮೀಗೆ 0.3ರಿಂದ 0.4 ಅನ್ನುವ ಲೆಕ್ಕ ಮೇಸ್ತ್ರಿಗಳದ್ದು, ನಿಮ್ಮ ಎಂಜಿನಿನ ಪುಸ್ತಕ ಇದ್ರೆ ಅದ್ರದ್ದೇ ನಂಬಿ. 80ರ ಬೋರಿನಲ್ಲಿ 1.35 ಅಂದ್ರೆ ಬಾಗಿಲು ತೆರೆದಿಟ್ಟ ಹಾಗೆ. ಜನವರಿಯಲ್ಲಿ ಈ ಎರಡು ನಿಮಿಷದ ಅಳತೆ ಮಾಡಿದ್ರೆ ರಿಂಗಿನ ದುಡ್ಡು ಉಳೀತಿತ್ತು.

ಪಿಸ್ಟನ್ನಿನ ರಿಂಗ್ ಚಡಿಗೆ ಹೊಸ ರಿಂಗ್ ಇಟ್ಟು ಬದಿಯಲ್ಲಿ ಎಷ್ಟು ಸಡಿಲ ಉಂಟು ಅಂತಲೂ ಫೀಲರಲ್ಲಿ ನೋಡಿ, 0.15 ದಾಟಿದ್ರೆ ಪಿಸ್ಟನ್ನೇ ಹೋಗಿದೆ, ರಿಂಗ್ ಅಲ್ಲಿ ಮೇಲೆ ಕೆಳಗೆ ಕುಣಿದು ಎಣ್ಣೆಯನ್ನು ಪಂಪ್ ಮಾಡ್ತದೆ. ಕೆಳಗಿನ ಬೇರಿಂಗ್ ಶೆಲ್ ಹೇಗೂ ಕೈಯಲ್ಲಿ ಉಂಟು, ತಾಮ್ರ ಕಾಣ್ತಾ ಇದ್ರೆ ಅದನ್ನೂ ಬದಲಾಯಿಸಿ. ಗಜನ್ ಪಿನ್ನಿನ ಬುಷ್ ಅಲ್ಲಾಡಿಸಿ ನೋಡಿ.

ನಮ್ಮ ಎಂಜಿನಿನ ಬ್ಲಾಕ್ ಕ್ರ್ಯಾಂಕ್‌ಕೇಸಿನಿಂದ ಬೇರೆ, ಅದನ್ನು ಎತ್ತಿ ಜೀಪಿಗೆ ಹಾಕಿ ಪೇಟೆಗೆ ಹೋದೆವು. ಲೈನರ್ (ಬದಲಾಯಿಸ್ಲಿಕ್ಕೆ ಬರುವ ಒಳಕೊಳವೆ) ಇರುವ ಎಂಜಿನ್ ಆದ್ರೆ ಲೈನರೇ ಹೊಸತು ಹಾಕ್ಬಹುದು, ಬೋರ್ ಮಾಡುವ ತಾಪತ್ರಯ ಇಲ್ಲ. ಬಿಡಿಭಾಗದ ಅಂಗಡಿಯ ಇಚ್ಚ (ಅಣ್ಣ) ಮಲಯಾಳಂನಲ್ಲಿ ಕೇಳಿದ್ರು, ಭಾವ ಕನ್ನಡದಲ್ಲಿ ಹೇಳಿದ್ರು, ಲೇತಿನ ಅಣ್ಣ ತುಳುವಿನಲ್ಲಿ ತಿದ್ದಿದ್ರು, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ನಂತರವೂ ನಮ್ಮಲ್ಲಿ ವ್ಯಾಪಾರ ಆಗುದೇ ಹಾಗೆ, ಯಾರಿಗೂ ತೊಂದ್ರೆ ಇಲ್ಲ. 0.30 ಸವೆದದ್ದಕ್ಕೆ 0.25 ಓವರ್‌ಸೈಜ್ (ಮೂಲ ಅಳತೆಗಿಂತ ಅಷ್ಟು ಮಿಮೀ ದೊಡ್ಡ ಪಿಸ್ಟನ್) ಸಾಕಾಗುದಿಲ್ಲ, 0.50ಕ್ಕೇ ಹೋಗ್ಬೇಕಾಯ್ತು. ಒಂದು ಮಾತು ಗಟ್ಟಿ ಹಿಡ್ಕೊಳ್ಳಿ, ಪಿಸ್ಟನ್ ಮೊದ್ಲು ತಕ್ಕೊಳ್ಳಿ, ಅದನ್ನು ಲೇತಿನವರ ಕೈಗೆ ಕೊಟ್ಟೇ ಬೋರ್ ಮಾಡಿಸಿ. ಡಬ್ಬಿಯಲ್ಲಿ 0.50 ಅಂತ ಬರೆದಿದ್ರೂ ಪಿಸ್ಟನ್ ಪಿಸ್ಟನ್‌ಗೆ ಕೂದಲಿನಷ್ಟು ವ್ಯತ್ಯಾಸ ಇರ್ತದೆ. ಮತ್ತೆ ಪಿಸ್ಟನ್ ನೋಡ್ಲಿಕ್ಕೆ ಉರುಟು, ನಿಜವಾಗಿ ಅಲ್ಲ, ತಲೆಯ ಕಡೆ ಸಪೂರ, ಪಿನ್ನಿನ ದಿಕ್ಕಲ್ಲಿಯೂ ಸ್ವಲ್ಪ ಚಿಕ್ಕದು, ಬಿಸಿಯಾದಾಗ ಉಬ್ಬಿ ಉರುಟಾಗ್ಲಿ ಅಂತ. ಹಾಗಾಗಿ ಅಳೆಯುದು ಸ್ಕರ್ಟಿನ (ರಿಂಗಿನಿಂದ ಕೆಳಗಿನ ಮೈಯ) ಕೆಳಬದಿಯಲ್ಲಿ, ಪಿನ್ನಿಗೆ ಅಡ್ಡವಾಗಿ.

ಹಾಕುವಾಗ

ಬೋರ್ ಮಾಡಿ ಹೋನಿಂಗ್ (ಸಾಣೆಕಲ್ಲಿನಲ್ಲಿ ಒಳಮೈ ಉಜ್ಜುವುದು) ಆಗಿ ಬಂದ ಬ್ಲಾಕನ್ನು ಡೀಸೆಲಲ್ಲಿ ಮಾತ್ರ ತೊಳೆದ್ರೆ ಕಲ್ಲಿನ ಹುಡಿ ಗೀರಿನ ಒಳಗೇ ಕೂತಿರ್ತದೆ. ಬಿಸಿನೀರು, ಸಾಬೂನು ಹುಡಿ, ಬ್ರಶ್. ತೊಳೆದು ಒರೆಸಿ, ಎಣ್ಣೆ ಹಚ್ಚಿ, ಬಿಳಿ ಬನಿಯನ್ ಬಟ್ಟೆಯಲ್ಲಿ ಪುನಃ ಒರೆಸಿ, ಬಟ್ಟೆ ಬೂದಿ ಬಣ್ಣಕ್ಕೆ ಬಂದ್ರೆ ಪುನಃ ತೊಳೀರಿ. ನಾವು ನಾಲ್ಕು ಸಲ ತೊಳೆದ್ವು. ಧೂಳಿಗೆ ಹೆದರಿ ಇಷ್ಟು ಮಾಡಿದವರು ಇಲ್ಲಿ ಸೋತ್ರೆ ನಾಚಿಕೆ.

ಗಜನ್ ಪಿನ್ ಹಾಕ್ಲಿಕ್ಕೆ ಸುತ್ತಿಗೆ ಎತ್ತುವವರನ್ನು ಕಂಡ್ರೆ ನನಗೆ ಆಗುದಿಲ್ಲ, ಒಂದು ಪೆಟ್ಟು ಓರೆ ಬಿದ್ರೆ ರಾಡ್ ಬೆಂಡ್. ಅಲ್ಯುಮಿನಿಯಂ ಬಿಸಿಯಾದ್ರೆ ಸ್ಟೀಲಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಹಿಗ್ಗುತ್ತದೆ, ಅದನ್ನೇ ಉಪಯೋಗಿಸಿ. ಭಾವನ ಮನೆಯ ಬಚ್ಚಲಲ್ಲಿ ಹಂಡೆ ನೀರು ಕುದೀತಾ ಇತ್ತು, ಪಿಸ್ಟನ್ನಿಗೆ ತಂತಿ ಕಟ್ಟಿ ಹತ್ತು ನಿಮಿಷ ಅದ್ರಲ್ಲಿ ಇಳಿಬಿಟ್ಟೆ. ಅಕ್ಕ ಬಂದು "ಮೀಯುವ ನೀರಿಗೆ ಎಂತ ಹಾಕಿದ್ದು ನೀನು" ಅಂತ ಬೈದ್ರು, ಹೊಸ ಪಿಸ್ಟನ್ ಅಕ್ಕ, ನಿಮ್ಮ ಚೊಂಬಿಗಿಂತ ಕ್ಲೀನು ಅಂದೆ. ಹೊರಗೆ ತೆಗೆದು ಒರೆಸಿ ಪಿನ್ನಿಗೆ ಎಣ್ಣೆ ಹಚ್ಚಿ ಹೆಬ್ಬೆರಳಲ್ಲಿ ದೂಡಿದ್ರೆ ಸುಯ್ ಅಂತ ಒಳಗೆ ಹೋಯ್ತು, ತಣಿಯುವ ಮೊದ್ಲು ಬೇಗ ಮಾಡ್ಬೇಕು ಅಷ್ಟೇ. ನೀರಿನ ಪಸೆ ಪೂರ್ತಿ ಒರೆಸಿ. ಪಿನ್ ಜಾರದ ಹಾಗೆ ಹಿಡಿಯುವ ಸರ್ಕ್ಲಿಪ್ ಹೊಸತೇ ಹಾಕಿ, ಕೂತದ್ದು ಖಾತ್ರಿ ಮಾಡ್ಲಿಕ್ಕೆ ಅದನ್ನು ಚಡಿಯಲ್ಲಿ ತಿರುಗಿಸಿ ನೋಡಿ. ಹಳೇ ಸರ್ಕ್ಲಿಪ್ ಹಾಕಿ ಅದು ಹಾರಿ ಪಿನ್ ಹೊರಗೆ ಬಂದು ಬೋರಿನುದ್ದ ಚಾಲು ಕೊರೆದದ್ದನ್ನು ಕಣ್ಣಾರೆ ನೋಡಿದ್ದೇನೆ.

ರಿಂಗಿನಲ್ಲಿ ಟಾಪ್ ಅಂತ ಗುರ್ತು ಇದ್ರೆ ಅದು ಮೇಲ್ಮುಖ. ಎರಡನೇ ರಿಂಗ್ ಉಲ್ಟಾ ಹಾಕಿದ್ರೆ ಎಣ್ಣೆಯನ್ನು ಕೆಳಗೆ ಕೆರೆಯುವ ಬದಲು ಮೇಲೆ ಕೊಂಡೋಗ್ತದೆ, ಎಲ್ಲ ಹೊಸತು ಹಾಕಿಯೂ ನೀಲಿ ಹೊಗೆ ಬಂದ್ರೆ ಮೊದ್ಲು ಇದನ್ನೇ ಸಂಶಯ ಪಡಿ. ಗ್ಯಾಪುಗಳು ಒಂದರ ಕೆಳಗೆ ಒಂದು ಬಾರದ ಹಾಗೆ ಸುತ್ತ ಹಂಚಿ. ಪಿಸ್ಟನ್ನಿನ ತಲೆಯ ಬಾಣದ ಗುರ್ತು, ತಲೆಯಲ್ಲಿರುವ ಗುಂಡಿ ನೋಝಲಿನ ಅಡಿಗೆ ಬರುವ ಹಾಗೆ ಉಂಟಾ, ಅದೂ ನೋಡಿ.

ರಿಂಗ್ ಒತ್ತುವ ಕ್ಲ್ಯಾಂಪ್ ನಮ್ಮ ಹತ್ರ ಇರ್ಲಿಲ್ಲ, ಬಿಸ್ಕೆಟಿನ ತಗಡಿನ ಡಬ್ಬಿ ಕತ್ತರಿಸಿ ಸುತ್ತಿ ಹೋಸ್ ಕ್ಲಿಪ್ ಬಿಗಿದೆ, ತಗಡಿನ ಅಂಚು ಅರದಲ್ಲಿ ಉಜ್ಜಿ ನಯ ಮಾಡಿದ ಮೇಲೆ. ಸುತ್ತಿಗೆಯ ಮರದ ಹಿಡಿಯಲ್ಲಿ ಮೆಲ್ಲ ತಟ್ಟಿ. ಎಲ್ಲಿಯಾದ್ರೂ ಗಟ್ಟಿ ಅನ್ನಿಸಿದ್ರೆ ನಿಲ್ಲಿಸಿ, ಹೊರಗೆ ತೆಗೆದು ನೋಡಿ, ಬಲ ಹಾಕಿದ್ರೆ ಒಂದು ರಿಂಗ್ ಹೋಯ್ತು ಅಂತಲೇ ಲೆಕ್ಕ. ಬೇರಿಂಗ್ ಕ್ಯಾಪನ್ನು ಗುರ್ತು ಗುರ್ತಿಗೆ ಕೂರಿಸಿ, ಟಾರ್ಕ್ ರೆಂಚಲ್ಲಿ ಪುಸ್ತಕದ ಲೆಕ್ಕಕ್ಕೆ ಬಿಗಿ ಮಾಡಿ, ಪ್ರತಿ ಹಂತ ಆದ ಮೇಲೂ ಫ್ಲೈವೀಲ್ ಒಂದು ಸುತ್ತು ತಿರುಗಿಸಿ. ತಿರುಗದಿದ್ರೆ ಈಗ್ಲೇ ಗೊತ್ತಾಗ್ಬೇಕು, ಎಲ್ಲ ಜೋಡಿಸಿದ ಮೇಲಲ್ಲ.

ಬ್ಲಾಕ್ ಎತ್ತಿದ್ರಿಂದ ಅಡಿಯ ಪ್ಯಾಕಿಂಗ್ ಹೊಸತು, ಅದ್ರ ದಪ್ಪ ಬದಲಾದ್ರೆ ಪಿಸ್ಟನ್ನಿನ ತಲೆಗೂ ಹೆಡ್ಡಿಗೂ ಇರುವ ಜಾಗ ಬದಲಾಗ್ತದೆ. ಜಾಗ ಕಮ್ಮಿ ಆದ್ರೆ ತಲೆ ಹೊಡೀತದೆ, ಜಾಸ್ತಿ ಆದ್ರೆ ಕಂಪ್ರೆಷನ್ ಸಾಲದೆ ಬೆಳಿಗ್ಗೆ ಸ್ಟಾರ್ಟ್ ಆಗುದಿಲ್ಲ. ಡೀಸೆಲ್ ಎಂಜಿನ್‌ಗೆ ಪ್ಲಗ್ ಇಲ್ಲ ನೋಡಿ, ಗಾಳಿ ಒತ್ತಿ ಒತ್ತಿ ಕಾದೇ ಬೆಂಕಿ ಹತ್ತಬೇಕು. ಅಳೀಲಿಕ್ಕೆ ಬೆಸುಗೆಯ ಸೀಸದ ತಂತಿಯ ತುಂಡನ್ನು ಪಿಸ್ಟನ್ನಿನ ತಲೆಯ ಸಮತಟ್ಟಿನ ಜಾಗದಲ್ಲಿ ಗ್ರೀಸ್ ಹಚ್ಚಿ ಅಂಟಿಸಿ, ಗ್ಯಾಸ್ಕೆಟ್ ಹಾಕಿ ಹೆಡ್ ಪೂರ್ತಿ ಬಿಗಿ ಮಾಡಿ, ಒಂದು ಸುತ್ತು ಮೆಲ್ಲ ತಿರುಗಿಸಿ ಪುನಃ ಬಿಚ್ಚಿ ಅಪ್ಪಚ್ಚಿಯಾದ ತಂತಿಯ ದಪ್ಪ ನೋಡಿ. ವಾಲ್ವಿನ ಅಡಿಯಲ್ಲಿ ಇಡ್ಬೇಡಿ. ಎಷ್ಟಿರ್ಬೇಕು ಅನ್ನುವುದು ಪುಸ್ತಕದ ಲೆಕ್ಕ, ಪ್ಯಾಕಿಂಗ್ ಸೇರಿಸಿಯೋ ತೆಗೆದೋ ಸರಿ ಮಾಡಿ. ಹೌದು, ಹೆಡ್ ಎರಡು ಸಲ ಬಿಗಿ ಮಾಡುದು ಉದಾಸೀನವೇ. ಅದಕ್ಕೆ ಹಳೇ ಗ್ಯಾಸ್ಕೆಟ್ ಹಾಕಿ ಅಳೆದು, ಹೊಸತನ್ನು ಕೊನೆಗೆ ಇಡುವವರೂ ಉಂಟು, ಆದ್ರೆ ಹಳತು ಒತ್ತಿ ತೆಳ್ಳಗಾಗಿರ್ತದೆ, ಲೆಕ್ಕ ತಪ್ತದೆ.

ಸ್ಟಾರ್ಟ್ ಮಾಡುವ ದಿನ

ಹೊಸ ಎಣ್ಣೆ, ಹೊಸ ಹೋಸ್, ಎರಡು ಬದಿಗೂ ಹೊಸ ಕ್ಲಿಪ್. ಡೀಸೆಲ್ ಪೈಪಿನ ಗಾಳಿ ತೆಗೆದು, ಡಿಕಂಪ್ರೆಷನ್ ಲಿವರ್ ಎತ್ತಿ, ಡೀಸೆಲ್ ಬಂದ್ ಮಾಡಿಯೇ ಸ್ವಲ್ಪ ಹೊತ್ತು ಹ್ಯಾಂಡಲ್ ತಿರುಗಿಸಿ, ಎಣ್ಣೆ ಬೇರಿಂಗ್ ತನಕ ಹತ್ತಲಿ. ನೋಝಲಿನ ಎದುರು ಕೈ ಹಿಡಿದು ಸ್ಪ್ರೇ ನೋಡುವ ಚಾಳಿ ಇದ್ರೆ ಬಿಡಿ, ಆ ಒತ್ತಡಕ್ಕೆ ಡೀಸೆಲ್ ಚರ್ಮ ಹೊಕ್ಕು ಒಳಗೆ ಹೋಗ್ತದೆ, ನೋಡ್ಲಿಕ್ಕೆ ಸೂಜಿ ಚುಚ್ಚಿದಷ್ಟೇ ಗಾಯ, ಆದ್ರೆ ಕೂಡ್ಲೇ ಆಸ್ಪತ್ರೆಗೆ ಹೋಗ್ಬೇಕಾದ್ದು.

ಮೂರನೇ ಹ್ಯಾಂಡಲಿಗೆ ಹಿಡೀತು. ಮೊದಲ ಹತ್ತು ನಿಮಿಷ ಸ್ವಲ್ಪ ಬಿಳಿ, ಸ್ವಲ್ಪ ನೀಲಿ ಹೊಗೆ ಬಂತು, ಭಾವನ ಮುಖ ಇಷ್ಟಾಯ್ತು, ಜೋಡಿಸುವಾಗ ಹಚ್ಚಿದ ಎಣ್ಣೆ ಉರಿಯುದು ಅದು, ನಿಂತಿತು. ಲೋಡಿಲ್ಲದೆ ಕಾಲು ಗಂಟೆ ಓಡಿಸಿ ನಿಲ್ಲಿಸಿ, ಲೀಕ್ ನೋಡಿ, ಬದಿಯ ಬಾಗಿಲು ತೆಗೆದು ಬೇರಿಂಗ್ ಹತ್ರ ಕೈ ಇಟ್ಟು ಬಿಸಿ ನೋಡಿ. ಎಂಜಿನ್ ನಿಲ್ಲಿಸಿದ ಕೂಡ್ಲೇ ಬಾಗಿಲು ತೆಗೀಬೇಡಿ, ಒಳಗಿನ ಎಣ್ಣೆ ಆವಿ ತಣೀಲಿ. ಆಮೇಲೆ ಅರ್ಧ ಲೋಡಲ್ಲಿ, ಅಂದ್ರೆ ನಮ್ಮಲ್ಲಿ ಎರಡು ಸ್ಪ್ರಿಂಕ್ಲರ್ ಲೈನಿನ ಬದಲು ಒಂದು ಲೈನ್ ಬಿಟ್ಟು, ದಿನಕ್ಕೆ ಎರಡೆರಡು ಗಂಟೆ. ಹೊಸ ಪಿಸ್ಟನ್ ಅಂತ ಪ್ರೀತಿಯಲ್ಲಿ ಲೋಡೇ ಕೊಡದೆ ಗಂಟೆಗಟ್ಟಲೆ ಸುಮ್ನೆ ಓಡಿಸ್ಬೇಡಿ, ಒತ್ತಡ ಇಲ್ಲದೆ ರಿಂಗ್ ಬೋರಿಗೆ ಹೊಂದಿಕೊಳ್ಳುದಿಲ್ಲ, ಬೋರ್ ಕನ್ನಡಿ ಆಗ್ತದೆ, ಎಣ್ಣೆ ಕುಡೀಲಿಕ್ಕೆ ಶುರು ಮಾಡ್ತದೆ.

ಮೊದಲ ದಿನ ಓಡಿ ತಣಿದ ಮೇಲೆ ಪುಸ್ತಕದಲ್ಲಿ ಹೇಳಿದ್ರೆ ಹೆಡ್ ನಟ್ ಒಂದು ಸಲ ಬಿಗಿ ನೋಡಿ, ಬಿಗಿ ಮಾಡಿದ್ರೆ ಟ್ಯಾಪೆಟ್ ಗ್ಯಾಪ್ ಪುನಃ ನೋಡ್ಲೇಬೇಕು. 25-30 ಗಂಟೆ ಆದ ಮೇಲೆ ಎಣ್ಣೆ ಬದಲಾಯಿಸಿದ್ವು, ಬೆರಳ ಮಧ್ಯೆ ತಿಕ್ಕಿ ನೋಡಿದೆ, ಕರಕರ ಇಲ್ಲ. ಹೋಸನ್ನು ತಿಂಗಳಿಗೊಮ್ಮೆ ಬಗ್ಗಿಸಿ ಕೆಳಬದಿ ನೋಡ್ಲಿಕ್ಕೆ ಭಾವನಿಗೆ ಹೇಳಿದ್ದೇನೆ, ಅವ್ರು ಶೆಡ್ಡಿನ ಗೋಡೆಯಲ್ಲಿ ಆ ಕಪ್ಪು ಸೂರ್ಯನ ಪಕ್ಕದಲ್ಲೇ ಇದ್ದಿಲಲ್ಲಿ ತಾರೀಕು ಬರೆದಿಟ್ಟಿದ್ದಾರೆ.